ತೆರಪಿನಲ್ಲಿ ಕಲಿಯುವವರಿಗೆ ಪಾಠ ಕಟ್ಟುವ ಬಗೆ: ಎನ್‌ಪಿಟಿಇಎಲ್‌ನ ‘ಡಿಸೈನಿಂಗ್ ಲರ್ನರ್ ಸೆಂಟ್ರಿಕ್ ಮೂಕ್ಸ್’ ಕೋರ್ಸಿನ ವಿಮರ್ಶೆ

ವಾರದ ದಿನಗಳಲ್ಲಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನಾನು, ಹಲವು ವರ್ಷಗಳಿಂದ ಭಾನುವಾರಗಳಂದು ದೂರಶಿಕ್ಷಣದ ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಪರ್ಕ ತರಗತಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿಗೆ ಬರುವವರಲ್ಲಿ ಬಸ್ ನಿರ್ವಾಹಕರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದುಕೊಂಡು ಬಡ್ತಿಗಾಗಿ ಪದವಿ ಓದುತ್ತಿರುವವರಿದ್ದಾರೆ, ಮದುವೆಯಾಗಿ ಹದಿನೈದು ವರ್ಷ ಕಳೆದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿಯರಿದ್ದಾರೆ. ಇವರೆಲ್ಲರ ಓದು ನಡೆಯುವುದು ಕೆಲಸ ಮತ್ತು ಮನೆವಾರ್ತೆಯ ನಡುವೆ ಸಿಗುವ ಬಿಡುವಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಆ ಬಗೆಯ ಓದನ್ನು ನಮ್ಮಲ್ಲಿ ‘ಅಂಚೆ ತೆರಪಿನ ಶಿಕ್ಷಣ’ ಎಂದು ಕರೆಯುತ್ತಿದ್ದರು. ಈಗ ಅಂಚೆ ಹೋಗಿ ಮೊಬೈಲ್ ಬಂದಿದೆ, ಆದರೆ ತೆರಪು, ಎಂದರೆ ಕೆಲಸಗಳ ನಡುವೆ ಸಿಗುವ ಬಿಡುವು, ಹಾಗೆಯೇ ಉಳಿದಿದೆ. ದೂರಶಿಕ್ಷಣ ಎಂಬ ಮಾತು ವಿದ್ಯಾರ್ಥಿ ಎಲ್ಲಿದ್ದಾನೆ ಎಂಬುದನ್ನಷ್ಟೇ ಹೇಳುತ್ತದೆ. ತೆರಪು ಎಂಬ ಮಾತು ಅವನು ಹೇಗೆ ಓದುತ್ತಾನೆ ಎಂಬುದನ್ನು ಹೇಳುತ್ತದೆ. ಅದಕ್ಕಾಗಿ ನನಗೆ ಆ ಹಳೆಯ ಹೆಸರೇ ಹೆಚ್ಚು ಇಷ್ಟ.

ಭಾನುವಾರದ ತರಗತಿಗೆ ಬರಲಾಗದವರಿಗಾಗಿ ಲೆಕ್ಕಶಾಸ್ತ್ರದ ಒಂದು ಪತ್ರಿಕೆಯನ್ನು ಆನ್‌ಲೈನ್ ಕೋರ್ಸಾಗಿ ರೂಪಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂದಾಗ, ನನಗೆ ತಿಳಿದಿದ್ದ ಒಂದೇ ದಾರಿಯನ್ನು ಹಿಡಿದೆ. ಕರಿಹಲಗೆಯ ಮುಂದೆ ನಿಂತು ನಲವತ್ತೈದು ನಿಮಿಷ ಮಾಡುತ್ತಿದ್ದ ಪಾಠವನ್ನು ಕ್ಯಾಮೆರಾದ ಮುಂದೆ ನಿಂತು ನಲವತ್ತೈದು ನಿಮಿಷ ಮಾಡಿದೆ. ಹಾಗೆ ಹದಿನೆಂಟು ಪಾಠಗಳಾದವು. ಯಾವ ವಿಡಿಯೊವನ್ನು ಎಲ್ಲಿಯವರೆಗೆ ನೋಡಿದ್ದಾರೆ ಎಂದು ಯೂಟ್ಯೂಬ್ ತೋರಿಸುವ ಗೆರೆಯನ್ನು ತಿಂಗಳ ಬಳಿಕ ತೆರೆದು ನೋಡಿದರೆ, ಬಹುತೇಕ ಎಲ್ಲ ಪಾಠಗಳಲ್ಲೂ ಅದು ಮೊದಲ ಐದಾರು ನಿಮಿಷಗಳಲ್ಲೇ ಕಡಿದಾಗಿ ಇಳಿದು, ಆಮೇಲೆ ನೆಲಕ್ಕೆ ಹತ್ತಿಕೊಂಡು ಸಾಗಿತ್ತು. ವಿದ್ಯಾರ್ಥಿಗಳಿಗೆ ಶ್ರದ್ಧೆಯಿಲ್ಲ ಎಂದು ನಾನು ನಂಬಲಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಆರು ಗಂಟೆಯ ಬಸ್ಸಿಗೆ ಸಂಪರ್ಕ ತರಗತಿಗೆ ಬರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಾಠ ಕಟ್ಟುವುದನ್ನು ಕಲಿಯಬೇಕು ಎಂದು ಮೊದಲು ಖಾಸಗಿ ಸಂಸ್ಥೆಯೊಂದರ ಕೋರ್ಸಿಗೆ ಹಣ ಕಟ್ಟಿದೆ. ಬೆಳಕು ಎಲ್ಲಿಂದ ಬೀಳಬೇಕು, ಮೈಕ್ ಯಾವುದಿರಬೇಕು, ಸ್ಲೈಡಿನ ಬಣ್ಣ ಹೇಗಿರಬೇಕು, ಕೋರ್ಸನ್ನು ಮಾರುವುದು ಹೇಗೆ ಎಂಬ ಬಗ್ಗೆ ಗಂಟೆಗಟ್ಟಲೆ ವಿಡಿಯೊಗಳು ಅದರಲ್ಲಿದ್ದವು. ‘ವಿದ್ಯಾರ್ಥಿ ತಪ್ಪು ಉತ್ತರ ಕೊಟ್ಟಾಗ ಏನು ಮಾಡಬೇಕು’ ಎಂದು ನಾನು ಕೇಳಿ ಕಳುಹಿಸಿದ ಪ್ರಶ್ನೆಗೆ ಕೋರ್ಸ್ ಮುಗಿಯುವವರೆಗೂ ಉತ್ತರ ಬರಲಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಮೈಕ್ ಕೊಳ್ಳುವುದನ್ನಂತೂ ಕಲಿತೆ, ಅದೂ ಉಪಯೋಗಕ್ಕೆ ಬಂದಿದೆ.

ಆ ಬಳಿಕ ಸಹೋದ್ಯೋಗಿಯೊಬ್ಬರ ಸಲಹೆಯಂತೆ ನೋಡಿದ್ದು ಈ ವಿಮರ್ಶೆಯ ವಿಷಯವಾದ ‘ಡಿಸೈನಿಂಗ್ ಲರ್ನರ್ ಸೆಂಟ್ರಿಕ್ ಮೂಕ್ಸ್’ ಎಂಬ ಕೋರ್ಸನ್ನು. ಮೂಕ್ ಎಂದರೆ ಯಾರು ಬೇಕಾದರೂ, ಎಷ್ಟು ಮಂದಿ ಬೇಕಾದರೂ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸ್. ಅಂಥ ಕೋರ್ಸುಗಳನ್ನು ಕಲಿಯುವವರನ್ನು ಮುಂದಿಟ್ಟುಕೊಂಡು ರೂಪಿಸುವುದು ಹೇಗೆ ಎಂಬುದೇ ಇದರ ವಿಷಯ. ಐಐಟಿ ಬಾಂಬೆಯ ಶೈಕ್ಷಣಿಕ ತಂತ್ರಜ್ಞಾನದ ಬಳಗದಿಂದ ಬಂದ ಸಹನಾ ಮೂರ್ತಿ, ಶ್ರೀಧರ ಅಯ್ಯರ್, ಸಮೀರ್ ಸಹಸ್ರಬುದ್ಧೆ ಅವರು ಇದನ್ನು ನಡೆಸಿಕೊಟ್ಟಿದ್ದಾರೆ. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಟ್ಟಾಗಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಇದಕ್ಕೆ ವೇದಿಕೆ. 2014ರಿಂದ ಎನ್‌ಪಿಟಿಇಎಲ್ ಪ್ರಮಾಣಪತ್ರದ ಕೋರ್ಸುಗಳನ್ನೂ ನಡೆಸುತ್ತಿದೆ. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ತಾಣ 2017ರಲ್ಲಿ ಬಂದ ಮೇಲೆ ಅವು ಅದರ ಮೂಲಕ ದೊರೆಯುತ್ತಿವೆ. ಕೋರ್ಸ್ ನಾಲ್ಕು ವಾರಗಳದ್ದು, ಸೇರುವುದಕ್ಕೆ ಹಣ ಕೊಡಬೇಕಾಗಿಲ್ಲ.

ಕೋರ್ಸಿನ ತಿರುಳು ಒಂದು ಮಾದರಿ. ಅದನ್ನು ‘ಲರ್ನರ್ ಸೆಂಟ್ರಿಕ್ ಮೂಕ್’ ಎಂಬುದರ ಕಿರುರೂಪವಾಗಿ ಎಲ್‌ಸಿಎಂ ಎಂದು ಕರೆಯುತ್ತಾರೆ, ಮತ್ತು ಅದರಲ್ಲಿ ನಾಲ್ಕು ಮುಖ್ಯ ಅಂಗಗಳಿವೆ. ಇಂಗ್ಲಿಷಿನ ಹೆಸರುಗಳನ್ನು ಬದಿಗಿಟ್ಟು ಕನ್ನಡದಲ್ಲಿ ಹೇಳುವುದಾದರೆ, ವಿಡಿಯೊದ ಮೂಲಕ ನಡೆಯುವ ಕಲಿಕಾ ಸಂವಾದ ಮೊದಲನೆಯದು. ಮಾಡಿ ಕಲಿಯುವ ಅಭ್ಯಾಸ ಎರಡನೆಯದು. ಅವರವರ ಆಸಕ್ತಿಗೆ ತಕ್ಕಂತೆ ಪಾಠವನ್ನು ಮುಂದಕ್ಕೆ ಬೆಳೆಸಿಕೊಳ್ಳುವ ಓದು ಮೂರನೆಯದು. ಸಹಪಾಠಿಗಳೊಡನೆ ನಡೆಯುವ ಚರ್ಚೆ ನಾಲ್ಕನೆಯದು. ಹೀಗೆ ಹೇಳಿದಾಗ ಇದರಲ್ಲೇನು ಹೊಸತು ಎನಿಸಬಹುದು. ಸ್ವಯಂ ಕೋರ್ಸುಗಳೆಲ್ಲವೂ ವಿಡಿಯೊ, ಓದುವ ಸಾಮಗ್ರಿ, ಚರ್ಚೆ, ಮೌಲ್ಯಮಾಪನ ಎಂಬ ನಾಲ್ಕು ಭಾಗಗಳನ್ನು ಹೊಂದಿರಬೇಕೆಂಬ ನಿಯಮ ಹೇಗೂ ಇದೆ. ನಿಯಮವು ಏನೇನಿರಬೇಕು ಎಂದು ಹೇಳುತ್ತದೆ. ಈ ಕೋರ್ಸಾದರೋ ಆ ಒಂದೊಂದರೊಳಗೆ ವಿದ್ಯಾರ್ಥಿ ಏನು ಮಾಡುತ್ತಿರಬೇಕು ಎಂದು ಕೇಳುತ್ತದೆ. ನನ್ನ ಹದಿನೆಂಟು ಪಾಠಗಳನ್ನು ಆ ಪ್ರಶ್ನೆಯ ಮುಂದಿಟ್ಟಾಗ ಪ್ರತಿಯೊಂದಕ್ಕೂ ಬಂದ ಉತ್ತರ ಒಂದೇ ಆಗಿತ್ತು: ಕೇಳಿಸಿಕೊಳ್ಳುತ್ತಿರಬೇಕು.

ಕಲಿಕಾ ಸಂವಾದದಲ್ಲಿ ನನ್ನನ್ನು ಬಹುವಾಗಿ ಹಿಡಿದದ್ದು ಅವರು ‘ರಿಫ್ಲೆಕ್ಷನ್ ಸ್ಪಾಟ್’ ಎಂದು ಕರೆಯುವ ಒಂದು ನಿಲುಗಡೆ. ನಾನು ಅದನ್ನು ನನ್ನ ವಿದ್ಯಾರ್ಥಿಗಳಿಗೆ ‘ಯೋಚಿಸುವ ತಾಣ’ ಎಂದು ಹೇಳುತ್ತೇನೆ. ಪಾಠ ಮಾಡುತ್ತಿರುವವರು ಒಂದು ಹಂತಕ್ಕೆ ಬಂದು ಪ್ರಶ್ನೆಯೊಂದನ್ನು ಕೇಳುತ್ತಾರೆ, ವಿಡಿಯೊ ನಿಲ್ಲಿಸಿ ನಿಮ್ಮ ಉತ್ತರವನ್ನು ಕಾಗದದ ಮೇಲೆ ಬರೆಯಿರಿ, ಬರೆದ ಮೇಲೆ ಮುಂದುವರಿಸಿ ಎನ್ನುತ್ತಾರೆ. ಮುಂದುವರಿಸಿದಾಗ ಅವರು ಆ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರಗಳನ್ನು ಎತ್ತಿಕೊಂಡು, ಅಲ್ಲಿಂದಲೇ ಮುಂದಿನ ಪಾಠವನ್ನು ಹೊಸೆಯುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪ್ರಶ್ನೆಯು ಈಗಷ್ಟೇ ಹೇಳಿದ್ದನ್ನು ವಿದ್ಯಾರ್ಥಿ ನೆನಪಿಟ್ಟುಕೊಂಡಿದ್ದಾನೆಯೇ ಎಂದು ಪರೀಕ್ಷಿಸುವ ಪ್ರಶ್ನೆಯಲ್ಲ. ಇನ್ನು ಮುಂದೆ ಹೇಳಲಿರುವುದಕ್ಕೆ ಅವನ ಮನಸ್ಸನ್ನು ಹದಗೊಳಿಸುವ ಪ್ರಶ್ನೆ. ಅದಕ್ಕೆ ಅಂಕವಿಲ್ಲ. ಉತ್ತರ ತಪ್ಪಾದರೂ ಕೆಲಸ ಆಗುತ್ತದೆ, ಏಕೆಂದರೆ ತನ್ನದೇ ಒಂದು ಉತ್ತರ ಕೈಯಲ್ಲಿರುವವನು ಮುಂದಿನ ಮಾತನ್ನು ಕೇಳುವ ಬಗೆಯೇ ಬೇರೆ. ತೆರಪಿನಲ್ಲಿ ಓದುವವನಿಗೆ ಪಾಠದ ಒಳಗೂ ಒಂದು ತೆರಪು ಬೇಕು ಎಂಬುದು ನನಗೆ ಇಲ್ಲಿ ಮನದಟ್ಟಾಯಿತು.

ವಿಡಿಯೊ ಚಿಕ್ಕದಾಗಿರಬೇಕು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಎಡ್‌ಎಕ್ಸ್ ಎಂಬ ಮೂಕ್ ತಾಣದ ನಾಲ್ಕು ಕೋರ್ಸುಗಳಲ್ಲಿ ವಿಡಿಯೊಗಳನ್ನು ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರಲ್ಲಿ ತೊಡಗಿಕೊಳ್ಳುವ ಅವಧಿಯ ಮಧ್ಯಾಂಕ ಆರು ನಿಮಿಷವನ್ನು ದಾಟುವುದಿಲ್ಲ ಎಂದು ತೋರಿಸಿತು. ಆ ಮಾತನ್ನು ಕೇಳಿದ ಅನೇಕರು ನಲವತ್ತೈದು ನಿಮಿಷದ ವಿಡಿಯೊವನ್ನು ಏಳು ತುಂಡು ಮಾಡಿ ಹಾಕಿಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಅದರಿಂದ ಏನೂ ಬದಲಾಗಲಿಲ್ಲ. ಮೊದಲ ತುಂಡನ್ನು ನೋಡಿದವರು ಎರಡನೆಯದನ್ನು ತೆರೆಯಲಿಲ್ಲ. ಕಬ್ಬಿನ ಜಲ್ಲೆಯನ್ನು ತುಂಡು ಮಾಡಿಟ್ಟ ಮಾತ್ರಕ್ಕೆ ರಸ ಬರುವುದಿಲ್ಲ, ಅಗಿಯಬೇಕು. ಪ್ರತಿ ತುಂಡಿನಲ್ಲಿ ವಿದ್ಯಾರ್ಥಿ ಅಗಿಯಬೇಕಾದದ್ದು ಏನು ಎಂಬುದನ್ನು ಮೊದಲು ಬರೆದುಕೊಂಡು, ಆಮೇಲೆ ಮಾತ್ರ ಪಾಠದ ಬರಹಕ್ಕೆ ಕೈಹಾಕುವ ಕ್ರಮವನ್ನು ನಾನು ರೂಢಿಸಿಕೊಂಡದ್ದು ಈ ಕೋರ್ಸಿನ ಬಳಿಕವೇ.

ಕಲಿತದ್ದನ್ನು ನಾನು ಪರೀಕ್ಷಿಸಿ ನೋಡಿದ್ದು ಸವಕಳಿಯ ಪಾಠದಲ್ಲಿ. ಯಂತ್ರವೊಂದನ್ನು ಬಳಸುತ್ತ ಬಂದಂತೆ ಅದರ ಬೆಲೆ ಕುಗ್ಗುವುದನ್ನು ಲೆಕ್ಕಪುಸ್ತಕದಲ್ಲಿ ಹೇಗೆ ತೋರಿಸಬೇಕು ಎಂಬುದು ವಿಷಯ. ಮೊದಲು ನಾನು ಸವಕಳಿಯ ವ್ಯಾಖ್ಯೆ, ಅದರ ಕಾರಣಗಳು, ಅದರ ಪದ್ಧತಿಗಳು ಎಂದು ಪಠ್ಯಪುಸ್ತಕದ ಸರದಿಯಲ್ಲೇ ಹೇಳುತ್ತ ಹೋಗುತ್ತಿದ್ದೆ. ಹೊಸ ಪಾಠ ಒಂದು ಹಿಟ್ಟಿನ ಗಿರಣಿಯಿಂದ ಆರಂಭವಾಗುತ್ತದೆ. ಗಿರಣಿಯ ಮಾಲೀಕರು 92,000 ರೂಪಾಯಿಗೆ ಯಂತ್ರ ಕೊಂಡರು. ಅದನ್ನು ಸಾಗಿಸಿ, ಅಡಿಪಾಯ ಹಾಕಿ ಕೂರಿಸುವುದಕ್ಕೆ 8,000 ರೂಪಾಯಿ ಆಯಿತು. ಈ ಎಂಟು ಸಾವಿರವನ್ನು ಯಂತ್ರದ ಬೆಲೆಗೆ ಸೇರಿಸಬೇಕೇ, ಅಥವಾ ಆ ವರ್ಷದ ಖರ್ಚೆಂದು ಬರೆದು ಮುಗಿಸಬೇಕೇ? ಎರಡನೆಯ ನಿಮಿಷದಲ್ಲಿ ಈ ಪ್ರಶ್ನೆ ಬರುತ್ತದೆ, ಪಾಠ ನಿಲ್ಲುತ್ತದೆ. ಉತ್ತರವನ್ನು ಬರೆದು ಅಥವಾ ಮಾತಿನಲ್ಲಿ ಹೇಳಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಬಹುದು ಎಂದು ತಿಳಿಸಿದ್ದೆ.

ಮೊದಲ ದಿನ ಬಂದ ಉತ್ತರಗಳಲ್ಲಿ ಒಂದು ಬಸ್ ನಿರ್ವಾಹಕರೊಬ್ಬರದು. ಡಿಪೊದಲ್ಲಿ ಕುಳಿತು ಕಳುಹಿಸಿದ ಧ್ವನಿ ಸಂದೇಶ; ಹಿಂದಿನಿಂದ ಎಂಜಿನ್ ಸದ್ದು ಕೇಳಿಸುತ್ತಿತ್ತು. “ಮೇಡಂ, ಬರೀ ಚಾಸಿ ತಂದು ಬಾಡಿ ಕಟ್ಟಿಸ್ತಾರಲ್ಲ, ಬಾಡಿ ಕಟ್ಟಿಸಿದ್ದೂ ಸೇರಿದ್ರೇನೇ ಬಸ್ಸು ಅನ್ನೋದು. ಬಾಡಿ ಇಲ್ದೆ ಟಿಕೆಟ್ ಎಲ್ಲಿ ಹರಿಯೋಣ? ಗಿರಣೀನೂ ಕೂರಿಸ್ದೆ ತಿರಗಲ್ಲ. ಅದಕ್ಕೇ ಸೇರಿಸ್ಬೇಕು” ಎಂದು ಅವರು ಹೇಳಿದ್ದರು. ಒಂದು ಆಸ್ತಿಯನ್ನು ಬಳಕೆಗೆ ಸಿದ್ಧಗೊಳಿಸುವವರೆಗೆ ಆಗುವ ಖರ್ಚೆಲ್ಲವೂ ಅದರ ವೆಚ್ಚಕ್ಕೆ ಸೇರುತ್ತದೆ ಎಂದು ನಾನು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿರುವ ವಾಕ್ಯಕ್ಕಿಂತ ಆ ಮಾತು ಎಷ್ಟೋ ಗಟ್ಟಿಯಾಗಿದೆ. ಅದೇ ವ್ಯಕ್ತಿ ಎರಡು ವರ್ಷ ನನ್ನ ಸಂಪರ್ಕ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಮಾತನ್ನೂ ಆಡದೆ ಕುಳಿತಿದ್ದವರು. ನಾನು ಅವರನ್ನು ಏನನ್ನೂ ಕೇಳಿರಲಿಲ್ಲ ಎಂಬುದು ಈಗ ನೆನಪಿಗೆ ಬಂದು ಮನಸ್ಸಿಗೆ ನೋವಾಗುತ್ತದೆ.

ಎರಡನೆಯ ಅಂಗವಾದ ಮಾಡಿ ಕಲಿಯುವ ಅಭ್ಯಾಸದಲ್ಲಿ ಕೋರ್ಸು ಒತ್ತಿ ಹೇಳುವುದು ಹಿಮ್ಮಾಹಿತಿಯ ಬಗ್ಗೆ. ತಪ್ಪು ಉತ್ತರ ಆರಿಸಿದವರಿಗೆ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ಯಾವ ತಪ್ಪು ಉತ್ತರವನ್ನು ಆರಿಸಿದರೋ ಅದಕ್ಕೆ ತಕ್ಕ ಮಾತು ಒಡನೆಯೇ ದೊರೆಯಬೇಕು. ಖಾಸಗಿ ಕೋರ್ಸಿನಲ್ಲಿ ನಾನು ಕೇಳಿ ಉತ್ತರ ಪಡೆಯದ ಪ್ರಶ್ನೆ ಇದೇ ಆಗಿತ್ತು. ಗಿರಣಿಯ ಲೆಕ್ಕವನ್ನೇ ಮುಂದುವರಿಸಿ ಹೇಳುತ್ತೇನೆ. ಯಂತ್ರದ ಒಟ್ಟು ವೆಚ್ಚ 1,00,000 ರೂಪಾಯಿ, ಬಾಳಿಕೆ ಹತ್ತು ವರ್ಷ, ಕೊನೆಗೆ ಗುಜರಿಗೆ ಹಾಕಿದರೆ 10,000 ರೂಪಾಯಿ ಸಿಗುತ್ತದೆ. ಯಂತ್ರವನ್ನು ಅಕ್ಟೋಬರ್ 1ರಂದು ಕೊಂಡಿದ್ದಾರೆ, ಲೆಕ್ಕಪುಸ್ತಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ವರ್ಷವರ್ಷವೂ ಒಂದೇ ಮೊತ್ತವನ್ನು ಕಳೆಯುವ ಸ್ಥಿರ ಕಂತಿನ ಪದ್ಧತಿಯಲ್ಲಿ ಮೊದಲ ವರ್ಷದ ಸವಕಳಿ ಎಷ್ಟು? ಸರಿಯಾದ ಉತ್ತರ 4,500. ಆದರೆ 9,000 ಎಂದವರು ಗುಜರಿ ಬೆಲೆಯನ್ನು ಸರಿಯಾಗಿಯೇ ಕಳೆದಿದ್ದಾರೆ, ಆರೇ ತಿಂಗಳು ಎಂಬುದನ್ನು ಮರೆತಿದ್ದಾರೆ. 5,000 ಎಂದವರು ಆರು ತಿಂಗಳನ್ನು ಗಮನಿಸಿದ್ದಾರೆ, ಗುಜರಿ ಬೆಲೆಯನ್ನು ಬಿಟ್ಟಿದ್ದಾರೆ. 10,000 ಎಂದವರು ಎರಡನ್ನೂ ಬಿಟ್ಟಿದ್ದಾರೆ. ಈ ಮೂವರಿಗೂ ಒಂದೇ ವಿವರಣೆಯನ್ನು ಕೊಡುವುದು ಮೂರು ಬೇರೆ ಬೇರೆ ಕಾಯಿಲೆಗೆ ಒಂದೇ ಗುಳಿಗೆ ಕೊಟ್ಟ ಹಾಗೆ. 9,000 ಎಂದವರಿಗೆ ‘ಗುಜರಿ ಬೆಲೆ ಕಳೆದದ್ದು ಸರಿಯಾಗಿದೆ, ಯಂತ್ರ ಕೊಂಡ ದಿನಾಂಕವನ್ನು ಇನ್ನೊಮ್ಮೆ ನೋಡಿ’ ಎಂಬ ಒಂದು ಸಾಲು ಸಾಕು. ಉತ್ತರವನ್ನು ಹೇಳಿಬಿಡಬೇಕಾಗಿಲ್ಲ.

ಹೀಗೆ ಮಾಡಹೊರಟಾಗ ಉಪಕರಣದ ತೊಡಕು ಎದುರಾಗುತ್ತದೆ, ಆದ್ದರಿಂದ ಇದೇ ದಾರಿಯಲ್ಲಿ ಹೋಗುವ ಅಧ್ಯಾಪಕರಿಗೆ ಉಪಯೋಗವಾದೀತೆಂದು ಅದನ್ನೂ ಬರೆಯುತ್ತೇನೆ. ಎಲ್ಲರ ಕೈಗೆ ಸುಲಭವಾಗಿ ಸಿಗುವ ಗೂಗಲ್ ಫಾರ್ಮ್ಸ್‌ನಲ್ಲಿ ಸರಿ ಉತ್ತರಕ್ಕೊಂದು, ತಪ್ಪು ಉತ್ತರಗಳಿಗೆಲ್ಲ ಸೇರಿ ಒಂದು, ಹೀಗೆ ಎರಡೇ ಹಿಮ್ಮಾಹಿತಿ ಬರೆಯಲು ಅವಕಾಶವಿದೆ. ಆದರೆ ಆರಿಸಿದ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳುಹಿಸುವ ಸೌಲಭ್ಯ ಅದರಲ್ಲಿದೆ. ಒಂದೊಂದು ತಪ್ಪಿಗೆ ಒಂದೊಂದು ವಿಭಾಗ ಮಾಡಿ, ಅದರಲ್ಲಿ ಸುಳಿವನ್ನು ಬರೆದು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಕೆಲಸವಾಗುತ್ತದೆ. ಮೂಡಲ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಆಯ್ಕೆಗೂ ಪ್ರತ್ಯೇಕ ಹಿಮ್ಮಾಹಿತಿಯನ್ನು ನೇರವಾಗಿಯೇ ಬರೆಯಬಹುದು. ಮೂಡಲ್ ಅನ್ನು 2002ರಲ್ಲಿ ಹೊರತಂದ ಮಾರ್ಟಿನ್ ಡೌಗಿಯಾಮಾಸ್ ಅವರು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ನಡುವಿನ ಊರಿನಲ್ಲಿ ರೇಡಿಯೊ ಮೂಲಕ ಪಾಠ ಕೇಳಿ ಬೆಳೆದವರು. ದೂರದಲ್ಲಿ ಕುಳಿತು ಕಲಿತವರೊಬ್ಬರು ಕಟ್ಟಿದ ಉಪಕರಣ ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಒಂದು ಬಗೆಯ ಮಮತೆಯೂ ಇದೆ. ಆದರೆ ಅದನ್ನು ಸರ್ವರಿನಲ್ಲಿ ಕೂರಿಸಿ ನೋಡಿಕೊಳ್ಳುವ ಒಬ್ಬರು ಬೇಕು, ಅದು ಎಲ್ಲ ಕಾಲೇಜುಗಳಲ್ಲಿ ಆಗದ ಮಾತು.

ಮೂರನೆಯ ಅಂಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖ್ಯ ಪಾಠ ಮುಗಿದ ಮೇಲೆ ಹೆಚ್ಚಿನ ಓದಿಗೆ ಹತ್ತು ಕೊಂಡಿಗಳನ್ನು ಸುರಿಯುವುದರ ಬದಲು, ಬೇರೆ ಬೇರೆ ಆಸಕ್ತಿಯವರಿಗೆ ಬೇರೆ ಬೇರೆ ದಾರಿಗಳನ್ನು ಇಟ್ಟು, ಯಾವುದಾದರೂ ಒಂದನ್ನು ಆರಿಸಿಕೊಂಡು ಓದಲು ಹೇಳಿ, ಓದಿದ್ದನ್ನು ಅರಗಿಸಿಕೊಂಡಿದ್ದಾರೆಯೇ ಎಂದು ಒಂದು ಕಿರು ಪ್ರಶ್ನಾವಳಿಯಿಂದ ತಿಳಿದುಕೊಳ್ಳಬೇಕು ಎನ್ನುತ್ತಾರೆ. ಸಹಕಾರ ಸಂಘದಲ್ಲಿರುವವರಿಗೆ ಸಂಘದ ಲೆಕ್ಕದಲ್ಲಿ ಸವಕಳಿ, ಸ್ವಂತ ಅಂಗಡಿ ಇರುವವರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸವಕಳಿ ಎಂದು ಎರಡು ದಾರಿ ಮಾಡಿದ್ದೇನೆ. ಕೆಲಸ ಬಹಳ, ಪ್ರಯೋಜನ ಮಧ್ಯಮ.

ಚರ್ಚೆಯ ವಿಷಯದಲ್ಲಿ ಮಾತ್ರ ಈ ಮಾದರಿಯನ್ನು ನಾನು ಇದ್ದಂತೆಯೇ ತೆಗೆದುಕೊಳ್ಳಲಾರೆ. ‘ಪಾಠದ ಬಗ್ಗೆ ಏನಾದರೂ ಸಂದೇಹವಿದ್ದರೆ ಕೇಳಿ’ ಎಂದು ಬರೆದು ಸುಮ್ಮನಿರುವ ಬದಲು ಎಲ್ಲರಿಗೂ ಒಂದೇ ಗಟ್ಟಿ ಪ್ರಶ್ನೆ ಕೊಟ್ಟು, ಒಬ್ಬರ ಉತ್ತರವನ್ನು ಇನ್ನೊಬ್ಬರು ಓದುವಂತೆ ಮಾಡಿ, ಹಾಗೆ ಓದಿದ್ದರಿಂದ ಏನು ತಿಳಿಯಿತು ಎಂಬುದನ್ನೂ ಅಂಕಕ್ಕೆ ಸೇರಿಸುವ ಅವರ ಉಪಾಯ ಬಹಳ ಚೆನ್ನಾಗಿದೆ. ಮೂಕ್‌ಗಳಿಗೆ ಸಾವಿರಾರು ಮಂದಿ ಸೇರುತ್ತಾರೆ, ಅವರಲ್ಲಿ ನೂರರಲ್ಲಿ ಐದು ಮಂದಿ ಬರೆದರೂ ಚರ್ಚೆ ತುಂಬಿಕೊಳ್ಳುತ್ತದೆ. ನನ್ನ ಗುಂಪಿನಲ್ಲಿರುವವರು ಮೂವತ್ತೆರಡು ಮಂದಿ. ಅದೂ ಅಲ್ಲದೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಎಷ್ಟೋ ವರ್ಷಗಳ ಬಳಿಕ ಪೆನ್ನು ಹಿಡಿದವರಿಗೆ ಎಲ್ಲರೂ ನೋಡುವ ಜಾಗದಲ್ಲಿ ಬರೆಯುವುದೆಂದರೆ ಸಂಕೋಚ. ಕೀಲಿಮಣೆಯಲ್ಲಿ ಕನ್ನಡ ಬರೆಯಲು ಬಾರದವರೂ ಇದ್ದಾರೆ. ಅವರಿಗೆ ಧ್ವನಿ ಸಂದೇಶವೇ ಸುಲಭದ ದಾರಿಯಾಯಿತು. ಒಬ್ಬರ ಸಂದೇಶವನ್ನು ಕೇಳಿ, ಅದಕ್ಕೆ ಒಪ್ಪುತ್ತೀರೋ ಇಲ್ಲವೋ ಎಂದು ಕಾರಣಸಹಿತ ಹೇಳಿ ಎಂದು ಜೋಡಿ ಜೋಡಿಯಾಗಿ ಹಂಚಿದಾಗ ಅರ್ಧಕ್ಕೂ ಹೆಚ್ಚು ಮಂದಿ ಮಾತಾಡಿದರು. ಕೋರ್ಸಿನ ತತ್ವವನ್ನು ಉಳಿಸಿಕೊಂಡು, ಅದರ ಪಾತ್ರೆಯನ್ನು ಬದಲಿಸಿಕೊಂಡೆ ಎನ್ನಬಹುದು.

ಕೋರ್ಸು ಇಂಗ್ಲಿಷಿನಲ್ಲಿದೆ. ಎನ್‌ಪಿಟಿಇಎಲ್ ತನ್ನ ಹಲವು ಕೋರ್ಸುಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಿ ಕೊಡುತ್ತಿದೆ, ಅದು ದೊಡ್ಡ ಕೆಲಸ. ಆದರೆ ಬೋಧಿಸುವವರಿಗೇ ಬೋಧನೆಯನ್ನು ಕಲಿಸುವ ಇಂಥ ಕೋರ್ಸಿಗೆ ಅನುವಾದ ಸಾಲದು ಎಂದು ನನ್ನ ಭಾವನೆ. ಒಳ್ಳೆಯ ಪ್ರಶ್ನೆಯನ್ನು ಕನ್ನಡದಲ್ಲಿ ಕಟ್ಟುವುದು ಹೇಗೆ, ಪಾರಿಭಾಷಿಕ ಪದವನ್ನು ಯಾವ ಹಂತದಲ್ಲಿ ತರಬೇಕು, ‘ಸವಕಳಿ’ ಎಂಬ ಮಾತು ‘ಸವೆ’ ಎಂಬ ಆಡುಮಾತಿನ ಕ್ರಿಯಾಪದದಿಂದಲೇ ಬಂದದ್ದು ಎಂಬ ಅನುಕೂಲವನ್ನು ಪಾಠದಲ್ಲಿ ಹೇಗೆ ಬಳಸಿಕೊಳ್ಳಬೇಕು ಎಂಬವು ಕನ್ನಡದಲ್ಲಿ ಪಾಠ ಮಾಡಿದವರೇ ಕೂತು ಯೋಚಿಸಬೇಕಾದ ವಿಷಯಗಳು. ‘ಡಿಪ್ರಿಸಿಯೇಷನ್’ ಎಂದಾಗ ಮುಖ ಸಪ್ಪಗಾಗುವ ವಿದ್ಯಾರ್ಥಿ, ಚಪ್ಪಲಿ ಸವೆದಂತೆ ಯಂತ್ರವೂ ಸವೆಯುತ್ತದೆ ಎಂದಾಗ ತಲೆಯಾಡಿಸುತ್ತಾನೆ. ನಮ್ಮ ಮುಕ್ತ ವಿಶ್ವವಿದ್ಯಾನಿಲಯವೋ ಬೇರೆ ಯಾವುದಾದರೂ ಸಂಸ್ಥೆಯೋ ಈ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಕನ್ನಡ ಅಧ್ಯಾಪಕರಿಗಾಗಿ ಇಂಥದೊಂದು ಕೋರ್ಸನ್ನು ಹೊಸದಾಗಿಯೇ ರೂಪಿಸಬೇಕೆಂಬುದು ನನ್ನ ಪ್ರಾಮಾಣಿಕ ಬಯಕೆ.

ಇನ್ನೊಂದು ಕೊರತೆ ಮೊಬೈಲಿಗೆ ಸಂಬಂಧಿಸಿದ್ದು, ಇದನ್ನು ನಾನು ಕೋರ್ಸಿನ ದೋಷವೆಂದು ಹೇಳುತ್ತಿಲ್ಲ. ನಮ್ಮ ವಿದ್ಯಾರ್ಥಿಗಳ ಸ್ಥಿತಿಗೆ ಹೊಂದಿಸಿಕೊಳ್ಳುವಾಗ ನಾವೇ ಸೇರಿಸಿಕೊಳ್ಳಬೇಕಾದ ಭಾಗವಿದು. ನನ್ನ ಗುಂಪಿನಲ್ಲಿ ಲ್ಯಾಪ್‌ಟಾಪ್ ಇರುವವರು ಬೆರಳೆಣಿಕೆಯಷ್ಟು. ಆರಂಗುಲದ ಪರದೆಯ ಮೇಲೆ ನನ್ನ ಹಳೆಯ ಸ್ಲೈಡುಗಳ ಖಾತೆಯ ಅಂಕಣಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಎಡಗಡೆಯ ಖರ್ಚು ಮತ್ತು ಬಲಗಡೆಯ ಜಮೆ ಎರಡನ್ನೂ ಒಟ್ಟಿಗೆ ತೋರಿಸುವುದನ್ನು ಬಿಟ್ಟು, ಈಗ ಒಂದು ಬಾರಿಗೆ ಒಂದೇ ಬದಿಯನ್ನು ದೊಡ್ಡ ಅಕ್ಷರದಲ್ಲಿ, ಕೈಬರಹದಲ್ಲಿ ಬರೆಯುತ್ತ ತೋರಿಸುತ್ತೇನೆ. ಮೇಲೆ ಹೇಳಿದ 2014ರ ಅಧ್ಯಯನದಲ್ಲಿಯೂ, ಸಿದ್ಧ ಸ್ಲೈಡುಗಳಿಗಿಂತ ಕೈಯಲ್ಲಿ ಬರೆಯುತ್ತ ಹೋಗುವ ಪಾಠಗಳು ಹೆಚ್ಚು ಹೊತ್ತು ಹಿಡಿದಿಡುತ್ತವೆ ಎಂದು ಕಂಡುಬಂದಿತ್ತು. ಊರಿನ ನೆಟ್‌ವರ್ಕ್ ಕೈಕೊಡುವ ದಿನಗಳಿಗಾಗಿ ಪ್ರತಿ ಪಾಠದ ಧ್ವನಿಯನ್ನಷ್ಟೇ ಪ್ರತ್ಯೇಕವಾಗಿ ತೆಗೆದಿಡುತ್ತೇನೆ. ಸೆಕೆಂಡಿಗೆ 32 ಕಿಲೋಬಿಟ್ ಪ್ರಮಾಣದಲ್ಲಿ ಉಳಿಸಿದರೆ ಹತ್ತು ನಿಮಿಷದ ಮಾತು ಎರಡೂವರೆ ಎಂಬಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಸುಲಭವಾಗಿ ಹೋಗುತ್ತದೆ. ಜೊತೆಗೆ ಆ ಪಾಠದ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು ಅದರ ಚಿತ್ರವನ್ನು ಕಳುಹಿಸಿದರೆ, ಸೊಸೈಟಿಯ ಕೌಂಟರಿನ ಹಿಂದೆ ಕುಳಿತವರಾಗಲಿ ಒಲೆಯ ಮುಂದೆ ನಿಂತವರಾಗಲಿ ಕೇಳಿಸಿಕೊಳ್ಳಬಲ್ಲರು.

ಪರೀಕ್ಷೆ ಮತ್ತು ಪ್ರಮಾಣಪತ್ರದ ವಿವರಗಳು ಎನ್‌ಪಿಟಿಇಎಲ್‌ನ ಇತರ ಕೋರ್ಸುಗಳಂತೆಯೇ ಇವೆ. ವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ನಾಲ್ಕು ವಾರದ ಕೋರ್ಸಾದರೆ ನಾಲ್ಕರಲ್ಲಿ ಉತ್ತಮವಾದ ಮೂರು ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಅಂಕ ಬರಬೇಕು. ಪರೀಕ್ಷೆಗೆ ಕೂರುವವರು ಮಾತ್ರ ಸುಮಾರು ಸಾವಿರ ರೂಪಾಯಿ ಶುಲ್ಕ ಕಟ್ಟುತ್ತಾರೆ. ಒಂದು ವಾರದ ಅಸೈನ್‌ಮೆಂಟ್ ತಪ್ಪಿದರೂ ನಡೆಯುತ್ತದೆ ಎಂಬ ನಿಯಮವನ್ನು ಗಮನಿಸಬೇಕು. ಮನೆಯಲ್ಲಿ ಜ್ವರ, ಊರಿನಲ್ಲಿ ಜಾತ್ರೆ, ಕಚೇರಿಯಲ್ಲಿ ಮಾರ್ಚ್ ಕೊನೆಯ ಲೆಕ್ಕ ಎಂದು ಯಾವುದಾದರೂ ಒಂದು ವಾರ ಕೈತಪ್ಪುವುದು ದುಡಿಯುವವರ ಬದುಕಿನಲ್ಲಿ ಸಹಜ, ಅದಕ್ಕೆ ಮೊದಲೇ ಜಾಗ ಇಟ್ಟಿರುವುದು ಒಳ್ಳೆಯ ವಿನ್ಯಾಸದ ಗುರುತು. ನಾನು ನನ್ನ ಕೋರ್ಸಿನಲ್ಲೂ ಇದನ್ನೇ ಅಳವಡಿಸಿಕೊಂಡಿದ್ದೇನೆ.

ಯಾರು ಇದನ್ನು ಮಾಡಬೇಕು? ಈಗಾಗಲೇ ಒಂದೆರಡು ವರ್ಷ ಆನ್‌ಲೈನ್ ಪಾಠ ಮಾಡಿ, ಅದು ಎಲ್ಲಿ ಸೋಲುತ್ತಿದೆ ಎಂಬುದನ್ನು ಸ್ವತಃ ಕಂಡವರಿಗೆ ಇದು ಹೆಚ್ಚು ದಕ್ಕುತ್ತದೆ. ವಿಡಿಯೊ ಚಿತ್ರೀಕರಣ, ಸಂಕಲನ ಮುಂತಾದ ಕೈಕೆಲಸವನ್ನು ಕಲಿಯಬೇಕೆಂದು ಬರುವವರಿಗೆ ಬೇರೆ ಜಾಗಗಳಿವೆ. ಪ್ರಮಾಣಪತ್ರ ಬೇಡವೆನ್ನುವವರು ಎನ್‌ಪಿಟಿಇಎಲ್‌ನ ಪಾಠಗಳನ್ನು ಅವಸರವಿಲ್ಲದೆ ಉಚಿತವಾಗಿ ನೋಡಬಹುದು. ಆದರೆ ಹಾಗೆ ನೋಡುವಾಗಲೂ ನಿಲ್ಲಿಸಿ ಬರೆಯಿರಿ ಎಂದಲ್ಲಿ ದಯವಿಟ್ಟು ನಿಲ್ಲಿಸಿ ಬರೆಯಿರಿ. ನಾನು ಮೊದಲ ವಾರ ಹಾಗೆ ಮಾಡದೆ ಮುಂದೆ ಓಡಿಸಿ ನೋಡಿದ್ದೆ, ಅಸೈನ್‌ಮೆಂಟ್ ಮಾಡಲು ಕುಳಿತಾಗ ಏನೂ ನೆನಪಿರಲಿಲ್ಲ. ಮತ್ತೆ ಮೊದಲಿನಿಂದ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ನೋಡಬೇಕಾಯಿತು. ಒಂದೇ ಕಾಲೇಜಿನ ಇಬ್ಬರು ಮೂವರು ಅಧ್ಯಾಪಕರು ಒಟ್ಟಿಗೆ ಸೇರಿ ಮಾಡುವುದಾದರೆ ಇನ್ನೂ ಮೇಲು, ಏಕೆಂದರೆ ನಮ್ಮ ಪ್ರಶ್ನೆಗೆ ಬರಬಹುದಾದ ತಪ್ಪು ಉತ್ತರಗಳನ್ನು ನಾವೊಬ್ಬರೇ ಕುಳಿತು ಊಹಿಸುವುದು ಕಷ್ಟ. ನಾನು ಹಳೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ, ವಿದ್ಯಾರ್ಥಿಗಳು ನಿಜವಾಗಿ ಮಾಡಿದ್ದ ತಪ್ಪುಗಳನ್ನೇ ಪಟ್ಟಿ ಮಾಡಿಕೊಂಡು ಆಯ್ಕೆಗಳನ್ನು ಬರೆದೆ.

ಹದಿನೆಂಟು ಪಾಠಗಳಲ್ಲಿ ಈವರೆಗೆ ಏಳನ್ನು ಹೊಸದಾಗಿ ಕಟ್ಟಿದ್ದೇನೆ. ಒಂದೊಂದಕ್ಕೆ ಮೂರು ನಾಲ್ಕು ಸಂಜೆಗಳು ಹಿಡಿಯುತ್ತವೆ, ಅದರಲ್ಲಿ ಚಿತ್ರೀಕರಣಕ್ಕೆ ಹೋಗುವುದು ಒಂದು ಗಂಟೆ, ಉಳಿದದ್ದೆಲ್ಲ ಪ್ರಶ್ನೆಗಳಿಗೆ. ಎಂಟನೆಯದು ಪಾಲುದಾರಿಕೆ ಸಂಸ್ಥೆಯ ಲೆಕ್ಕ. ಅದರ ಮೊದಲ ಪ್ರಶ್ನೆಯನ್ನು ಹಾಲಿನ ವ್ಯಾಪಾರ ಮಾಡುವ ಅಣ್ಣತಮ್ಮಂದಿರ ಮೇಲೆ ಬರೆದಿದ್ದೇನೆ: ಹಸುಗಳು ಅಣ್ಣನವು, ದುಡಿಮೆ ತಮ್ಮನದು, ಬಾಯಿಮಾತಿನ ಒಪ್ಪಂದವೂ ಇಲ್ಲ, ಬರಹವೂ ಇಲ್ಲ, ಲಾಭವನ್ನು ಹೇಗೆ ಹಂಚಬೇಕು? ಈ ಭಾನುವಾರ ಅದು ಗುಂಪಿಗೆ ಹೋಗುತ್ತದೆ.